ಅಮೆರಿಕಾ ಏರಿ

ಮಲ್ಲಗುಡ್ಡಿಯ ಕೆರೆಗೆ ಬಂದವರು ಮೊದಲು ಓದುವುದು ಏರಿಯ ಮೇಲೆ ನೆಟ್ಟಿರುವ ಹಸಿರು ಫಲಕವನ್ನು. 'ಅಮೆರಿಕಾ ಏರಿ' ಎಂದು ದಪ್ಪ ಅಕ್ಷರದಲ್ಲಿದೆ. ಕೆಳಗೆ, 'ಅಮೆರಿಕದ ನೆರವಿನಿಂದ ದುರಸ್ತಿಯಾದದ್ದು' ಎಂದಿದೆ. ಓದಿದವರು, ಪರವಾಗಿಲ್ಲ, ಇಷ್ಟು ದೂರಕ್ಕೂ ಕೊಟ್ಟಿದ್ದಾರಲ್ಲ ಎಂದು ತಲೆದೂಗುತ್ತಾರೆ. ಆಗ ನನಗೆ ಮೈಯೆಲ್ಲ ಉರಿಯುತ್ತದೆ. ಈ ಏರಿಗೆ ಅಮೆರಿಕದಿಂದ ಒಂದು ಬುಟ್ಟಿ ಮಣ್ಣೂ ಬಂದಿಲ್ಲ. ಈ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು ನಾನು. ಫಲಕ ಬದಲಿಸಿ ಎಂದು ಕೇಳಿ ಕೇಳಿ ಸಾಕಾಗಿದೆ.

ಹಿಂದೆ ಒಮ್ಮೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ವಿಮಾನ ಇಳಿಯುವ ಬಯಲಿಗೆ ಕಲ್ಲು ಬೇಕೆಂದು ದಂಡಿನವರು ಏರಿಯ ಒಳಮೈಗೆ ಹೊದಿಸಿದ್ದ ಕಲ್ಲನ್ನೆಲ್ಲ ಕಿತ್ತು ಲಾರಿಗೆ ತುಂಬಿದರಂತೆ. ಗೆದ್ದ ಮೇಲೆ ಹೊಸದಾಗಿ ಕಟ್ಟಿಕೊಡುತ್ತೇವೆ ಎಂದು ಮಾತು ಕೊಟ್ಟರು. ಕಲ್ಲಿನ ಹಿಂದೆಯೇ ಗಂಡಸರನ್ನೂ ಕರೆದೊಯ್ದರು. ಇಟಲಿಗೆ ಹೋದ ಹನ್ನೆರಡು ಜನರಲ್ಲಿ ತಿರುಗಿ ಬಂದವನು ದಂಡಿನಲ್ಲಿ ನಾಯಕ್ ಹುದ್ದೆಯಲ್ಲಿದ್ದ ಭರಮಪ್ಪ ಒಬ್ಬನೇ. ಉಳಿದವರ ಬದಲಿಗೆ ಹನ್ನೊಂದು ಹೆಸರು ಕೆತ್ತಿದ ಒಂದು ಚಪ್ಪಡಿ ಬಂತು. ಅದನ್ನು ಚಾವಡಿಯ ಮುಂದೆ ನಿಲ್ಲಿಸಿದರು. ಕಲ್ಲಿಲ್ಲದ ಏರಿ ಎರಡನೆಯ ಮಳೆಗಾಲಕ್ಕೇ ಒಡೆಯಿತು. ಹೆಂಗಸರು ಎರಡು ಹರದಾರಿ ನಡೆದು ಕುಡಿಯುವ ನೀರು ಹೊತ್ತರು ಎನ್ನುತ್ತಾರೆ.

ಯುದ್ಧ ಮುಗಿದು ನಾಲ್ಕೈದು ವರ್ಷಕ್ಕೆ ಭರಮಪ್ಪ ಚಾವಡಿಯಲ್ಲಿ ಪತ್ರಿಕೆ ಓದಿದ. ಅಮೆರಿಕ ಯುರೋಪಿಗೆಲ್ಲ ಗೋಧಿ, ಯಂತ್ರ ಕಳಿಸಿ ಮುರಿದದ್ದನ್ನು ಕಟ್ಟಿಸುತ್ತಿದೆ, ಇಟಲಿಯಲ್ಲೂ ಸೇತುವೆಗಳು ಎದ್ದಿವೆ ಎಂದಿತ್ತು. ಹಸಿದವರ ಅನ್ನಕ್ಕೆ ಕಣ್ಣು ಹಾಕುವವನಲ್ಲ ಅವನು. ಬಾಂಬಿಗೆ ಗೋಡೆ ಬಿದ್ದ ಅಡುಗೆಮನೆಯಲ್ಲಿ ಇಟಲಿಯ ತಾಯಂದಿರು ಬಡಿಸಿದ್ದನ್ನು ಉಂಡಿದ್ದ. ಆದರೆ ನಮ್ಮ ಏರಿಯನ್ನು ಕೆಡವಿದ್ದೂ ಅದೇ ಯುದ್ಧವಲ್ಲವೇ? ಸತ್ತವರಲ್ಲಿ ಒಬ್ಬನಾದ ಸತ್ಯೆಪ್ಪನ ಹೆಂಡತಿ ಬಾಳವ್ವನನ್ನು ಜೊತೆಗೆ ಕರೆದುಕೊಂಡು ಅವನು ತಾಲ್ಲೂಕು ಕಚೇರಿಗೆ ಹೋದ. ಆ ನೆರವು ಯುದ್ಧ ನಡೆದ ನಾಡಿಗೆ ಮಾತ್ರ, ಇಲ್ಲಿ ಯುದ್ಧ ನಡೆದಿಲ್ಲ ಎಂದ ಸಾಹೇಬ, ತಲೆ ಕೂಡ ಎತ್ತದೆ.

"ಲಡಾಯಿ ಆಗಿಲ್ಲಂದ್ರ ನನ್ನ ಗಂಡ ಎಲ್ಲಿ ಹೋದ್ನರೀ, ಸಾಹೇಬ್ರ?" ಎಂದಳು ಬಾಳವ್ವ.

ಸಾಹೇಬ ಮುಂದಿನ ಅರ್ಜಿ ಕರೆದ. ಊರಿಗೆ ಬಂದವಳು ಮರುದಿನವೇ ಬುಟ್ಟಿ ಹಿಡಿದಳು. ಎರಡು ಬೇಸಿಗೆ ಊರಿನ ಹೆಂಗಸರು ಮಣ್ಣು ಹೊತ್ತರು; ಭರಮಪ್ಪ ನಿಂತು ತುಳಿಸಿದ. ಕೊನೆಗೆ, ನೀರು ಬಿಡುವ ತೂಬಿನ ಬಾಯಿಯ ಮೇಲೆ ಹಾಸಲು ಉದ್ದನೆಯ ಕಲ್ಲೊಂದು ಸಿಗಲಿಲ್ಲ. ಬಾಳವ್ವ ಚಾವಡಿಗೆ ಹೋಗಿ ಚಪ್ಪಡಿಯ ಬುಡಕ್ಕೆ ಹಾರೆ ಹಾಕಿದಳು. ಸತ್ತವರ ಕಲ್ಲು, ಮುಟ್ಟಬೇಡ ಎಂದು ಹಿರಿಯರು ಅಡ್ಡ ಬಂದರು. "ಬಿಸಲಾಗ ನಿಂತು ಏನ್ ಮಾಡತಾರ ಅವರು? ಊರಿಗೆ ನೀರರ ಹಿಡೀಲಿ" ಎಂದಳಂತೆ. ಹಿರಿಯರೇ ಬಂದು ಕೈಜೋಡಿಸಿದರು.

ಮಳೆಗೆ ಮುನ್ನ ಅದೇ ಸಾಹೇಬ ತಪಾಸಣೆಗೆ ಬಂದ. ಏರಿಯ ಮೇಲೆಯೇ ನಿಂತು, ಇದಕ್ಕೆ ನೆರವು ಯಾರದು ಎಂದ. "ಅಮೆರಿಕಾದ್ದ್ರಿ" ಎಂದು ಕುಟುಕಿದಳು ಬಾಳವ್ವ, ತೂಬಿಗೆ ಇಳಿಯುವ ಮೆಟ್ಟಿಲುಗಳ ಕಡೆ ಕೈತೋರಿ. "ಕೊಟ್ಟವರ ಹೆಸರ ಅಲ್ಲೇ ಐತಿ, ಇಳದು ಓದ್ರಿ." ಅವನು ಇಳಿಯಲಿಲ್ಲ. ಹೇಳಿದ್ದನ್ನು ಹಾಗೆಯೇ ಬರೆದುಕೊಂಡು ಹೋದ. ಇಂದಿನ ಫಲಕ ಆ ಬರಹದ ನಕಲು.

ಕೆರೆ ತುಂಬಿದಾಗ ಬಂದವರಿಗೆ ಫಲಕವಷ್ಟೇ ಕಾಣುತ್ತದೆ. ಬೇಸಿಗೆಯಲ್ಲಿ ಬನ್ನಿ. ನೀರು ಇಳಿದು ತೂಬಿನ ಮೇಲಿನ ಕಲ್ಲು ಹೊರಬಿದ್ದಿರುತ್ತದೆ. ಪಾಚಿಯನ್ನು ಕೈಯಿಂದ ಒರೆಸಿದರೆ ಹನ್ನೊಂದು ಹೆಸರು ಈಗಲೂ ಸ್ಪಷ್ಟವಾಗಿವೆ, ನಾಲ್ಕನೆಯದು ಸತ್ಯೆಪ್ಪನದು. ಒಂದೇ ಒಂದು ಕೆಲಸ ಮಾಡಿ. ಆ ಸಾಹೇಬ ಇಳಿಯದ ಮೆಟ್ಟಿಲುಗಳನ್ನು ನೀವಾದರೂ ಇಳಿಯಿರಿ.