ಹೋಳಿಗೆಯ ಋಣ

ಮುದಿರಾಜ ಬೆಳಿಗ್ಗೆ ತೀರಿಹೋದ. ಮಧ್ಯಾಹ್ನದೊಳಗೆ ಮಂತ್ರಿ ಎರೆಯಪ್ಪ ಹಳೇ ಸಂಪ್ರದಾಯ ಎತ್ತಿಕೊಂಡು ಬಂದ. ರಾಜನ ಅನ್ನ ತಿಂದವನೊಬ್ಬ ರಾಜನ ಜೊತೆಗೇ ಪ್ರಾಣ ಬಿಡಬೇಕು. ಇಲ್ಲದಿದ್ದರೆ ಯುವರಾಜನಿಗೆ ಪಟ್ಟ ಕಟ್ಟುವಂತಿಲ್ಲ. ಹುಡುಕಿ ಹುಡುಕಿ ಅವನ ಬೆರಳು ನಿಂತದ್ದು ಅಡುಗೆಯ ಬೂಚಯ್ಯನ ಮೇಲೆ. ಮೊನ್ನೆ ಮಂತ್ರಿಯ ಎಲೆಗೆ ತುಪ್ಪ ಕಡಿಮೆ ಬಡಿಸಿದ್ದೇ ಬೂಚಯ್ಯ ಮಾಡಿದ ತಪ್ಪು.

“ಎಂಥ ಪುಣ್ಯವಂತನೋ ನೀನು! ನಿನ್ನ ಹೆಸರಲ್ಲಿ ವೀರಗಲ್ಲು ನೆಡಿಸ್ತೀವಿ,” ಎಂದ ಎರೆಯಪ್ಪ.

ಬೂಚಯ್ಯ ಸೌಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಯುವರಾಜನಿಗೆ ಕೈಮುಗಿದ.

“ಸಾಯೋಕೆ ನಾನು ತಯಾರು, ಬುದ್ಧಿ. ಆದರೆ ನಂದು ಬರೀ ರುಚಿ ನೋಡಿದ ಋಣ. ಅಂಗೈಗೆ ಒಂದು ತೊಟ್ಟು ಸಾರು, ಅಷ್ಟೇ. ಮಂತ್ರಿಗಳದು ಇಪ್ಪತ್ತು ವರ್ಷದ ಊಟ, ದಿನಕ್ಕೆ ಹನ್ನೆರಡು ಹೋಳಿಗೆ. ಅಂಥೋರನ್ನ ಬಿಟ್ಟು ನಾನು ಮುಂದೆ ನುಗ್ಗಿದರೆ ಪಂಕ್ತಿಭೇದ ಆಗಲ್ವಾ?”

ಸಭೆಯೆಲ್ಲ ಮಂತ್ರಿಯ ಹೊಟ್ಟೆ ನೋಡಿತು. ಅದು ಉತ್ತರೀಯದಲ್ಲಿ ಮುಚ್ಚುವಂಥ ಹೊಟ್ಟೆಯಲ್ಲ.

“ಆ ಸಂಪ್ರದಾಯ... ನಮ್ಮದಲ್ಲ, ಪಕ್ಕದ ರಾಜ್ಯದ್ದು ಅಂತ ಈಗ ನೆನಪಾಯ್ತು,” ಎಂದು ಎರೆಯಪ್ಪ ತೊದಲಿದ. ಅಳುತ್ತಿದ್ದ ಯುವರಾಜನಿಗೂ ನಗು ತಡೆಯಲಾಗಲಿಲ್ಲ.

ಪಟ್ಟಾಭಿಷೇಕದ ಔತಣದಲ್ಲಿ ಬೂಚಯ್ಯ ತಾನೇ ನಿಂತು ಮಂತ್ರಿಗೆ ಹೋಳಿಗೆ ಬಡಿಸಿದ. ಮೇಲೆ ಧಾರಾಳವಾಗಿ ತುಪ್ಪ ಸುರಿದ. ಎರೆಯಪ್ಪ ಹೋಳಿಗೆಯನ್ನು ಬಾಯಿಯ ಹತ್ತಿರ ತಂದ. ಅಷ್ಟರಲ್ಲಿ ಹೊಸ ರಾಜ ಒಮ್ಮೆ ಕೆಮ್ಮಿದ.

ಮಂತ್ರಿ ಹೋಳಿಗೆಯನ್ನು ಮೆಲ್ಲಗೆ ಎಲೆಗೆ ಇಳಿಸಿದ.