ಹುತ್ತದ ಮಣ್ಣು ತೊಳೆದ ದೊರೆ

ಗುಡ್ಡಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ ಒಂದೂರಿತ್ತಂತೆ. ಆ ಊರ ಹಳ್ಳದ ದಂಡೆಯಲ್ಲಿ ಜಲಗಾರ ಕೆಂಚಪ್ಪ, ಅವನ ಹೆಂಡತಿ ದುರಗವ್ವ ಇದ್ದರಂತೆ. ಹಳ್ಳದ ಮರಳನ್ನು ಮರದ ಮರಿಗೆಯಲ್ಲಿ ಹಾಕಿ, ನೀರಲ್ಲಿ ಆಡಿಸಿ ಆಡಿಸಿ, ತಳದಲ್ಲಿ ಉಳಿದ ಬಂಗಾರದ ಪುಡಿ ಮಾರಿ ಬದುಕುವುದು ಅವರ ಕಸುಬು.

ಒಂದು ದಿನ ಆ ಸೀಮೆಯ ದೊರೆ ಕೆಂಚಪ್ಪನನ್ನು ಕರೆಸಿದ. "ಬಂಗಾರ ಎಲ್ಲಿ ಸಿಗತದ?" ಎಂದ.

"ಹಳ್ಳದ ತಿರುವಿನಾಗ್ರಿ" ಎಂದ ಕೆಂಚಪ್ಪ.

ದೊರೆ ಆ ತಿರುವಲ್ಲಿ ನೂರಾಳು ಹಚ್ಚಿ ಮೂರು ತಿಂಗಳು ಅಗೆಸಿದ. ನೀರು ಬಂತು, ಕಪ್ಪೆ ಬಂತು, ಬಂಗಾರದ ಗಟ್ಟಿ ಬರಲಿಲ್ಲ. ಸಿಟ್ಟಿಗೆದ್ದು ಕೆಂಚಪ್ಪನ ಕಾಲಿಗೆ ಬೇಡಿ ಹಾಕಿಸಿ, "ಹುಣ್ಣಿಮಿಯೊಳಗ ಬಂಗಾರದ ಬುಡ ತೋರಸದಿದ್ರ ತಲಿ ತಗಸ್ತೀನಿ" ಎಂದನಂತೆ.

ಸುದ್ದಿ ದುರಗವ್ವನಿಗೆ ಮುಟ್ಟಿತು. ಹೊಟ್ಟೆ ತುಂಬ ಅತ್ತಳು. ಅತ್ತಾದ ಮೇಲೆ ಮರಿಗೆ ಹೊತ್ತು ಹಳ್ಳದ ಗುಂಟ ಮೇಲಕ್ಕೆ ನಡೆದಳು. ಒಂದನೇ ತಿರುವಲ್ಲಿ ತೊಳೆದಳು, ಪುಡಿ ಇತ್ತು. ಎರಡನೇ ತಿರುವಲ್ಲಿ ತೊಳೆದಳು, ಇತ್ತು. ಹೀಗೇ ಆರು ತಿರುವು. ಏಳನೇದರಲ್ಲಿ ತೊಳೆದರೆ ಬರೀ ಮರಳು! ಹಾಗಾದರೆ ಬಂಗಾರ ಹಳ್ಳಕ್ಕೆ ಇಳಿಯುವುದು ಆರಕ್ಕೂ ಏಳಕ್ಕೂ ನಡುವೆ. ಅಲ್ಲೊಂದು ಬೋಳು ಗುಡ್ಡ, ಗುಡ್ಡದ ಮೇಲೆ ಮೂರು ಹುತ್ತ. ಗೆದ್ದಲು ಆಳದ ಮಣ್ಣನ್ನು ಮೇಲೆ ತರುತ್ತದೆಂದು ಜಲಗಾರರಿಗೆ ಹೇಳಿಕೊಡಬೇಕೇ? ಹುತ್ತಕ್ಕೆ ಹಾಲೆರೆದು, ಕೈಮುಗಿದು, ಒಂದೊಂದು ಬೊಗಸೆ ಮಣ್ಣು ತಂದು ತೊಳೆದಳು. ಮೂರನೇ ಹುತ್ತದ ಮಣ್ಣು ಮಿಂಚಿತು.

ಓಡಿಹೋಗಿ ದೊರೆಗೆ ತೋರಿಸಿದರೆ, ಪಕ್ಕದಲ್ಲಿದ್ದ ಮಂತ್ರಿ ಮೂಗು ಮುರಿದ. "ಹಳೇ ಮರಿಗಿ. ಬಿರುಕಿನಾಗ ಹಳೇ ಪುಡಿ ಕುಂತಿರತದ."

ಅದೂ ಖರೆಯೇ. ಗಡಿಬಿಡಿಯಲ್ಲಿ ದುರಗವ್ವ ಮರಿಗೆ ಕೆರೆದು ತೊಳೆಯುವುದನ್ನೇ ಮರೆತಿದ್ದಳು.

"ಹಂಗಿದ್ರ ನಿಮ್ಮ ಪರಾತ ತರ್ರಿ, ನಿಮ್ಮ ಕೈಲೇ ತೊಳೀರಿ" ಎಂದಳು ದೊರೆಗೆ.

ದೊರೆ ಅಗಲ ತಟ್ಟೆಯಂಥ ಪರಾತ ತರಿಸಿ, ಅದೇ ಹುತ್ತದ ಮಣ್ಣು ತುಂಬಿಕೊಂಡು, ಧೋತರ ಎತ್ತಿ ಕಟ್ಟಿ ಹಳ್ಳದಲ್ಲಿ ಕುಕ್ಕರಗಾಲಲ್ಲಿ ಕೂತ. ತೊಳೆದ, ಚೆಲ್ಲಿದ, ಮತ್ತೆ ತೊಳೆದ. ಸಂಜೆ ಹೊತ್ತಿಗೆ ಪರಾತದ ತಳದಲ್ಲಿ ಸಾಸಿವೆಯಷ್ಟು ಬಂಗಾರ ಕಂಡಿತಂತೆ. ನಡು ಹಿಡಿದುಕೊಂಡು ಎದ್ದವನ ಮುಖ ಅರಳಿತ್ತು.

"ನಿನ್ನ ಗಂಡ ಇದನ್ನ ಮೊದಲ ಯಾಕ ಹೇಳಲಿಲ್ಲ?"

"ಎಲ್ಲಿ ಸಿಗತದ ಅಂತ ಕೇಳಿದ್ರಿ, ನಮ್ಮಪ್ಪಾ. ಸಿಗೋ ಜಾಗ ಹೇಳಿದ್ರು. ಎಲ್ಲಿಂದ ಬರತದ ಅನ್ನೋದನ್ನ ನಡದು ಹುಡುಕಬೇಕು. ನೀವು ಹುಡುಕೋರ ಕಾಲಿಗೇ ಬೇಡಿ ಹಾಕಿದ್ರಿ."

ದೊರೆ ತಲೆ ತಗ್ಗಿಸಿದ. ತಾನೇ ಹೋಗಿ ಕೆಂಚಪ್ಪನ ಬೇಡಿ ಬಿಚ್ಚಿದ. ಗುಡ್ಡದಲ್ಲಿ ಗಣಿಯಾಯಿತು, ರಾಶಿ ಬಂಗಾರ ಬೊಕ್ಕಸಕ್ಕೆ ಹೋಯಿತು. ತಾನು ತೊಳೆದ ಆ ಸಾಸಿವೆಯಷ್ಟು ಚೂರನ್ನು ಮಾತ್ರ ದೊರೆ ಸಾಯುವತನಕ ಯಾರಿಗೂ ಕೊಡಲಿಲ್ಲವಂತೆ.

ದೊರೆಗೆ ಅವನ ಗುಡ್ಡ, ದುರಗವ್ವನಿಗೆ ಅವಳ ಗಂಡ, ನಿಮಗೆ ನನ್ನ ಕಥೆ.