ಎರಡು ಲೋಕ ಬಿಟ್ಟ ರಕ್ಕಸ

"ಗುರುಗಳೇ, ಕಲೆಗೆ ಸರ್ಕಾರ ಮಾಡಬಹುದಾದ ದೊಡ್ಡ ಮರ್ಯಾದೆ ಯಾವುದು?" ಎಂದು ಪಂಚಾಕ್ಷರಿ ಕೇಳಿದ.

ಕೇಳುವುದಕ್ಕೆ ಅವನಿಗೆ ಕಾರಣವಿತ್ತು. ಸರ್ಕಾರ ಅವನನ್ನು ಕಲೆ, ಸಂಸ್ಕೃತಿಗಳ ಹಿರಿಯ ಸಲಹೆಗಾರನನ್ನಾಗಿ ಮಾಡಿತ್ತು. ಬರುವ ಭಾನುವಾರ ಅವನ ಮೊದಲ ಉತ್ಸವ. ಗುರುಗಳನ್ನು ಕರೆಯಲೆಂದೇ ಆಶ್ರಮಕ್ಕೆ ಬಂದಿದ್ದ.

"ದೂರದಿಂದ ಗೊಂಬೆಯಾಟದವರನ್ನು ಕರೆಸಿದ್ದೇನೆ. ಐದಕ್ಕೆ ಮೆರವಣಿಗೆ. ಆರಕ್ಕೆ ದೀಪ ಹಚ್ಚುವುದು. ಆಮೇಲೆ ಮಂತ್ರಿಗಳ ಭಾಷಣ. ಏಳಕ್ಕೆ ಸನ್ಮಾನ. ಎಂಟೂವರೆಗೆ ಊಟ, ಹೋಳಿಗೆ ಮಾಡಿಸ್ತಾ ಇದೀವಿ. ಅಧ್ಯಕ್ಷತೆ ತಮ್ಮದೇ."

ಹೋಳಿಗೆ ಎಂದಾಗ ಗುರುಗಳು ಸ್ವಲ್ಪ ನೆಟ್ಟಗೆ ಕೂತರು. ಆಮೇಲೆ ಕತೆ ಹೇಳಿದರು.

ಒಬ್ಬ ರಾಜನಿಗೆ ಒಬ್ಬ ಸಲಹೆಗಾರನಿದ್ದ. ಯುದ್ಧಕ್ಕಲ್ಲ, ತೆರಿಗೆಗಲ್ಲ, ಹಾಡು, ಕುಣಿತ, ಬಯಲಾಟ, ಇಂಥವಕ್ಕೆ. ಒಳ್ಳೆಯ ಮನುಷ್ಯ. ಬಯಲಾಟವೆಂದರೆ ಪ್ರಾಣ ಬಿಡುತ್ತಿದ್ದ. ಚಿಕ್ಕವನಿದ್ದಾಗ ಊರ ಹೊರಗಿನ ಬಯಲಿನಲ್ಲಿ ಮಣ್ಣಿನ ಮೇಲೆ ಕೂತು ಆಟ ನೋಡಿದವನು. ರಕ್ಕಸ ಬಂದನೆಂದರೆ ಅಜ್ಜಿಯ ಸೆರಗಿನೊಳಗೆ ತಲೆ ತೂರಿಸಿ, ಒಂದು ಕಣ್ಣು ಮಾತ್ರ ಹೊರಗಿಟ್ಟವನು. ಈಗ ದೊಡ್ಡವನಾಗಿದ್ದ. ಕೂರಲು ಕುರ್ಚಿಯಿತ್ತು.

ಒಂದು ದಿನ ಸೇನಾಪತಿ ರಾಜನ ಕಿವಿ ಊದಿದ. ಆ ಬಯಲು ಸುಮ್ಮನೆ ಬಿದ್ದಿದೆ, ಆನೆ ಕಟ್ಟುವುದಕ್ಕೆ ಕೊಡಿ ಎಂದ. ಸಲಹೆಗಾರ ಬಿದ್ದು ಎದ್ದು ಓಡಿ ಬಂದು ಕೈ ಮುಗಿದ. ಬಯಲು ಹೋದರೆ ಮೇಳದವರು ಎಲ್ಲಿ ಕುಣಿಯಬೇಕು ಎಂದು ಅಂಗಲಾಚಿದ.

ರಾಜ ಹೇಳಿದ: "ನಾನು ಬಯಲಾಟ ನೋಡಿದವನೇ ಅಲ್ಲ. ನಾಳೆ ಸಂಜೆ ನೋಡುತ್ತೇನೆ. ಹಿಡಿಸಿದರೆ ಬಯಲು ಮೇಳಕ್ಕೆ. ಆಕಳಿಕೆ ಬಂದರೆ ಆನೆಗೆ."

ಸಲಹೆಗಾರನ ಎದೆ ನಗಾರಿಯಾಯಿತು. ಬರೀ ಆಟ ಆಡಿಸಿದರೆ ಸಾಲದು, ಆಟಕ್ಕೆ ತಕ್ಕ ಮರ್ಯಾದೆಯೂ ಆಗಬೇಕು ಎಂದು ಅವನಿಗೆ ಹೊಳೆಯಿತು. ಹೊಳೆಯಬಾರದಿತ್ತು, ಹೊಳೆಯಿತು. ರಂಗದ ಮೇಲೆ ಸಾಲಾಗಿ ಕುರ್ಚಿ ಹಾಕಿಸಿದ. ದೊಡ್ಡವರನ್ನೆಲ್ಲ ಕೂರಿಸಿ ತಾನೂ ಕೂತ. ಮೊದಲು ಸ್ವಾಗತ, ಆಮೇಲೆ ಶಾಲು, ಆಮೇಲೆ ಕಲೆಯ ಹಿರಿಮೆಯನ್ನು ಕುರಿತು ಒಬ್ಬೊಬ್ಬರ ಮಾತು.

ಸಂಜೆ ರಾಜ ಬಂದು ಎದುರಿಗೆ ಕೂತ. ಮಾತು ಶುರುವಾಯಿತು. ಮುಗಿಯಲಿಲ್ಲ. ಒಬ್ಬರು ಕಲೆ ಸಾಗರ ಎಂದರು. ಇನ್ನೊಬ್ಬರು, ಅದು ಸಾಗರವಲ್ಲ, ಮಹಾಸಾಗರ ಎಂದು ತಿದ್ದಿದರು. ಜನ ಕಡಲೆಕಾಯಿ ತಿಂದು ಮುಗಿಸಿ ಸಿಪ್ಪೆಯಲ್ಲಿ ಗೋಪುರ ಕಟ್ಟತೊಡಗಿದರು. ರಾಜನ ದವಡೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಸಲಹೆಗಾರ ಅದನ್ನು ನೋಡಿದ. ನೋಡಿ ಇನ್ನೊಂದು ಶಾಲು ತರಿಸಿದ.

ಪರದೆಯ ಹಿಂದೆ ರಕ್ಕಸನ ವೇಷದವನು ಬೆವರುತ್ತಿದ್ದ. ಆ ಮೇಳದಲ್ಲೊಂದು ಕಟ್ಟುಪಾಡಿತ್ತು. ಕಿರೀಟ ಕಟ್ಟಿದ ಮೇಲೆ ಕುಣಿಯದೆ ಬಿಚ್ಚುವಂತಿಲ್ಲ. ಕಿರೀಟ ತಲೆಯ ಮೇಲಿರುವ ತನಕ ಸ್ವಂತ ಮಾತು ಆಡುವಂತಿಲ್ಲ, ವೇಷದ ಮಾತನ್ನೇ ಆಡಬೇಕು. ಪಾಪ, ಅವನು ನೀರು ಕೇಳಬೇಕಾದರೂ ಗರ್ಜಿಸಿಯೇ ಕೇಳಬೇಕಿತ್ತು. ಕಿರೀಟದ ಹಗ್ಗ ಹಣೆ ಕೊರೆಯತೊಡಗಿದಾಗ ಅವನು ಪರದೆ ಹರಿದುಕೊಂಡು ರಂಗಕ್ಕೆ ನುಗ್ಗಿದ.

"ಎಲಾ ನರಹುಳುವೇ! ಮೂರು ಲೋಕ ಗೆಲ್ಲಹೊರಟ ನನ್ನನ್ನು ಮೂಲೆಯಲ್ಲಿ ನಿಲ್ಲಿಸಿದವನು ಯಾರೆಲಾ?"

ಸಲಹೆಗಾರ ಗಾಬರಿಯಿಂದ ಎದ್ದ. "ಏನಯ್ಯಾ ಇದು! ನಿನ್ನ ಸರದಿ ಇನ್ನೂ ಬಂದಿಲ್ಲ, ಒಳಗೆ ಹೋಗು. ನಿನಗೇ ಕಣಯ್ಯಾ ಮರ್ಯಾದೆ ಮಾಡ್ತಾ ಇರೋದು!"

"ನನಗೋ! ಶಾಲುಗಳೆಲ್ಲ ಇವರ ಹೆಗಲ ಮೇಲಿವೆಯಲ್ಲೋ!"

ಜನ ಸಿಪ್ಪೆಯ ಗೋಪುರ ಬಿಟ್ಟು ಕತ್ತೆತ್ತಿದರು.

"ಇನ್ನು ನಾಲ್ಕೇ ಜನ ಮಾತಾಡೋದು. ಆಮೇಲೆ ವಂದನೆ. ಆಮೇಲೆ ನೀನೇ. ಹೊತ್ತಾಗಿದೆ, ಸ್ವಲ್ಪ ಚಿಕ್ಕದಾಗಿ ಮುಗಿಸು."

"ಚಿಕ್ಕದಾಗಿಯೋ! ಗೆಲ್ಲಬೇಕಾದದ್ದು ಮೂರು ಲೋಕ. ಎಷ್ಟನ್ನು ಬಿಡಲಿ?"

ಸಲಹೆಗಾರ ನಿಜವಾಗಿಯೂ ಯೋಚಿಸಿದ. ಬೆರಳು ಮಡಿಚಿ ಲೆಕ್ಕ ಹಾಕಿದ. "ಎರಡು ಬಿಟ್ಟುಬಿಡಯ್ಯಾ" ಎಂದ.

ಬಯಲಿಗೆ ಬಯಲೇ ಬಿದ್ದು ಬಿದ್ದು ನಕ್ಕಿತು. ರಾಜನ ದವಡೆ ಕೆಳಗಿಳಿದಿತ್ತಲ್ಲ, ಅದು ಅಲ್ಲೇ ಉಳಿಯಿತು. ಆದರೆ ಈಗ ನಗುವಿಗೆ. ಅವನು ಕಣ್ಣೊರೆಸಿಕೊಂಡು ಕೇಳಿದ: "ಸಲಹೆಗಾರರೇ, ಈ ಹಾಸ್ಯವನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ? ಇದು ಆಟವೇ ತಾನೆ?"

ಅಲ್ಲ ಎಂದರೆ ರಕ್ಕಸನ ಕೈಗೆ ಬೇಡಿ, ಬಯಲಿಗೆ ಆನೆ. ಹೌದು ಎಂದರೆ ಬದುಕಿರುವ ತನಕ ಊರಿಗೆಲ್ಲ ತಾನೇ ಕೋಡಂಗಿ. ಸಲಹೆಗಾರ ರಕ್ಕಸನ ಮುಖ ನೋಡಿದ. ಬಣ್ಣ ಬೆವರಿನಲ್ಲಿ ಇಳಿಯುತ್ತಿತ್ತು. ಬಣ್ಣದ ಒಳಗಿನ ಕಣ್ಣುಗಳು ಇವನನ್ನೇ ಬೇಡುತ್ತಿದ್ದವು. ಅಜ್ಜಿಯ ಸೆರಗಿನಿಂದ ನೋಡಿದ್ದ ರಕ್ಕಸ ಇಷ್ಟು ಬಡಪಾಯಿಯಾಗಿರಲಿಲ್ಲ.

ಅವನು ಹೆಗಲ ಮೇಲಿನ ಶಾಲು ತೆಗೆದು ತಲೆಗೆ ಅಡ್ಡಾದಿಡ್ಡಿ ಸುತ್ತಿಕೊಂಡ. ಒಂದು ಕಾಲೆತ್ತಿ ಕುಣಿದ. "ಆಟವೇ ಪ್ರಭು! ಇನ್ನು ಮುಂದಿನ ಅಂಕ. ಇದರಲ್ಲಿ ಕುರ್ಚಿಗಳಿಗೆ ಪಾತ್ರವಿಲ್ಲ" ಎನ್ನುತ್ತ ಮಹಾಸಾಗರದವರ ಕುರ್ಚಿಯಿಂದಲೇ ಶುರುಮಾಡಿದ.

ರಂಗ ಖಾಲಿಯಾಯಿತು. ಚೆಂಡೆ ಮೊಳಗಿತು. ಅಂದು ರಕ್ಕಸ ಮೂರು ಲೋಕವನ್ನೂ ಗೆದ್ದ, ಒಂದನ್ನೂ ಬಿಡಲಿಲ್ಲ. ಸಲಹೆಗಾರ ಮುಂದೆ ಮಣ್ಣಿನ ಮೇಲೆ ಕೂತು ನೋಡಿದ. ಬಯಲು ಮೇಳಕ್ಕೆ ಸಿಕ್ಕಿತು. ಆನೆಗಳು ಇದ್ದಲ್ಲೇ ಇದ್ದವು; ಅವುಗಳಿಗೇನೂ ಬೇಜಾರಾದಂತೆ ಕಾಣಲಿಲ್ಲ. ಬೀದಿಯಲ್ಲಿ ಮಕ್ಕಳು ಸಲಹೆಗಾರನ ಹಿಂದೆ "ಎರಡು ಬಿಟ್ಟುಬಿಡಯ್ಯಾ!" ಎಂದು ಕೂಗುತ್ತಿದ್ದವು. ಅವನು ತಿರುಗಿ, ಒಂದು ಕಾಲೆತ್ತಿ, ಕುಣಿದು ಹೋಗುತ್ತಿದ್ದ.

ಪಂಚಾಕ್ಷರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಪೆದ್ದ ಗುರುಗಳೇ ಆ ಸಲಹೆಗಾರ! ಆಟಕ್ಕೆ ಬಂದ ರಾಜನಿಗೆ ಆಟವನ್ನೇ ತೋರಿಸಬೇಕು ಅಂತ ಗೊತ್ತಾಗಲಿಲ್ಲವಲ್ಲ! ಇರಲಿ, ಭಾನುವಾರ ತಾವು ಬರುತ್ತೀರಿ ತಾನೆ?"

"ಬರುತ್ತೇನಪ್ಪಾ," ಎಂದರು ಗುರುಗಳು, "ಗೊಂಬೆಯಾಟ ಎಷ್ಟು ಗಂಟೆಗೆ ಅಂದೆ?"